ಔಷಧಕ್ಕೆ ಮಣಿಯದ ಕುರುಗಳೂ ಅವುಗಳ ಚಿಕಿತ್ಸೆಯಲ್ಲಿ ಇರತಕ್ಕ ಎಚ್ಚರಿಕೆಯೂ

ಸ್ಮರಣ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯು ಪರೀಕ್ಷೆಯ ಫಲಿತಾಂಶ, ಕಟ್ಟಡದ ನಿಧಿ, ಆಟೋಟಗಳ ಬಹುಮಾನ ಮೊದಲಾದವುಗಳ ವಿಷಯವಾಗಿ ಬರೆಯುವದು ವಾಡಿಕೆ. ಅವೆಲ್ಲವೂ ವಾರ್ಷಿಕ ವರದಿಯಲ್ಲಿ ಬಂದಿರುವದರಿಂದ, ಈ ಕೆಲವು ಪುಟಗಳನ್ನು ಮನೆಮನೆಗೂ ಉಪಯೋಗವಾಗಬಹುದಾದ ಬೇರೊಂದು ವಿಷಯಕ್ಕೆ ಮೀಸಲಿಟ್ಟಿದ್ದೇವೆ. ಚರ್ಮದ ಮೇಲೆ ಏಳುವ ಕುರುಗಳು, ಅವುಗಳಲ್ಲಿ ಕೆಲವು ಸಾಮಾನ್ಯ ಔಷಧಕ್ಕೆ ಮಣಿಯದೆ ಇರುವದರ ಕಾರಣ, ಅಂಥವುಗಳಿಗೆ ಕೊಡುವ ಒಂದು ಔಷಧವನ್ನು ಅಪಾಯವಿಲ್ಲದೆ ಬಳಸುವ ಬಗೆ, ಇವೇ ನಮ್ಮ ವಿಷಯ. ನಾವು ವೈದ್ಯರಲ್ಲ. ಆದರೂ ಇದನ್ನು ಬರೆಯುವದಕ್ಕೆ ನಮ್ಮನ್ನು ಪ್ರೇರಿಸಿದ್ದು ನಮ್ಮಿಂದಲೇ ನಡೆದ ಒಂದು ತಪ್ಪು.

ಕೆಲವು ವರ್ಷಗಳ ಹಿಂದೆ, ದಸರೆಯ ರಜೆ ಮುಗಿದು ಬೋರ್ಡಿಂಗಿನ ಮಕ್ಕಳು ಹಿಂದಿರುಗಿದ ವಾರದಲ್ಲಿ, ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ತೊಡೆಯಲ್ಲಿ ಕುರು ಎದ್ದಿತು. ನಾಚಿಕೆಯಿಂದ ಅವಳು ನಾಲ್ಕು ದಿನ ಯಾರಿಗೂ ಹೇಳಲಿಲ್ಲ. ನಡೆಯಲಾರದೆ ಹೋದಾಗ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿ ಕುರುವನ್ನು ಕೊಯ್ದು, ಕೀವನ್ನು ತೆಗೆದು, ಏಳು ದಿನಗಳಿಗೆ ಗುಳಿಗೆ ಬರೆದುಕೊಟ್ಟರು. ಮೂರು ದಿನಗಳಲ್ಲಿ ನೋವು ಇಳಿಯಿತು. ಹುಡುಗಿಯು ಮಿಕ್ಕ ಗುಳಿಗೆಗಳನ್ನು ತನ್ನ ಪೆಟ್ಟಿಗೆಯಲ್ಲಿ ಇಟ್ಟುಬಿಟ್ಟಳು. ಮುಂದಿನ ವಾರ ಅವಳ ಮಗ್ಗುಲ ಹಾಸಿಗೆಯವಳ ಮೊಣಕೈಯ ಮೇಲೆ ಅಂಥದೇ ಕುರು ಕಾಣಿಸಿತು. ಇಬ್ಬರೂ ಒಂದೇ ಟವಲು ಬಳಸುತ್ತಿದ್ದರೆಂದು ಆಮೇಲೆ ತಿಳಿಯಿತು. ಅದು ಭಾನುವಾರದ ಸಂಜೆ, ಮಳೆ ಬೇರೆ. ಮೇಟ್ರನಮ್ಮನವರು ಮಿಕ್ಕ ಗುಳಿಗೆಗಳನ್ನು ತಂದು, “ಅದೇ ರೋಗವಲ್ಲವೇ, ಇವನ್ನೇ ಕೊಡಲೇ?” ಎಂದು ಕೇಳಿದರು. ನಾವು, “ಕೊಡಿರಿ” ಎಂದೆವು.

ಮರುದಿನ ಸಂಜೆಯೊಳಗೆ ಆ ಹುಡುಗಿಯ ಮೈಮೇಲೆ ಕೆಂಪು ದದ್ದುಗಳು ಎದ್ದವು. ಬುಧವಾರ ಬೆಳಗಾಗುವಷ್ಟರಲ್ಲಿ ಜ್ವರ ಬಂದು, ಕಣ್ಣುಗಳು ಕೆಂಪಾಗಿ, ಬಾಯೊಳಗೆ ಬೊಕ್ಕೆಗಳು ಕಂಡವು. ಅವಳು ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದಳು. ಊರಿನಿಂದ ಓಡಿಬಂದ ಅವಳ ತಾಯಿ ನಮ್ಮ ಮೇಲೆ ಸಿಟ್ಟು ಮಾಡಲಿಲ್ಲ. “ಅಮ್ಮನವರೇ, ಇವಳು ನಾಲ್ಕು ವರ್ಷದವಳಿದ್ದಾಗ ಸಲ್ಫಾ ಔಷಧ ಕೊಟ್ಟು ಹೀಗೆಯೇ ಮೈಯೆಲ್ಲ ದದ್ದು ಎದ್ದಿತ್ತು. ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದೆನು” ಎಂದಷ್ಟೇ ಹೇಳಿದಳು. ಮಗು ಗುಣವಾಗಿ ಮನೆಗೆ ಹೋದಳು, ಮುಂದೆ ಓದಿಯೂ ತೇರ್ಗಡೆಯಾದಳು. ಆದರೆ ಆ ಮಾತು ನಮ್ಮ ಕಿವಿಯಲ್ಲಿ ಇಂದಿಗೂ ಇದೆ.

ಆ ದಿನಗಳಲ್ಲಿ ಅವಳನ್ನು ನೋಡಿಕೊಂಡ ಡಾಕ್ಟರಮ್ಮನವರು ನಮ್ಮ ಶಾಲೆಯಲ್ಲಿಯೇ ಓದಿದವರು. ಅವರು ಮೃದುವಾಗಿ, “ಒಬ್ಬಳ ಕನ್ನಡಕವನ್ನು ಇನ್ನೊಬ್ಬಳಿಗೆ ಹಾಕಿ ಪಾಠ ಓದು ಎನ್ನುತ್ತೀರಾ, ಅಮ್ಮನವರೇ?” ಎಂದು ಕೇಳಿದರು. ಅನಂತರ ನಮ್ಮನ್ನು ಕೂರಿಸಿಕೊಂಡು ವಿಷಯವನ್ನೆಲ್ಲ ಬಿಡಿಸಿ ಹೇಳಿದರು. ಅವರಿಂದ ಕೇಳಿದ್ದನ್ನೂ, ಆಮೇಲೆ ನಾವು ಓದಿ ತಿಳಿದದ್ದನ್ನೂ ಇಲ್ಲಿ ಕ್ರಮವಾಗಿ ಬರೆಯುತ್ತೇವೆ.

ಕುರುವಿಗೆ ಕಾರಣವಾದ ರೋಗಾಣು ಬಹುಮಟ್ಟಿಗೆ ಸ್ಟೆಫಿಲೊಕಾಕಸ್ ಎಂಬದು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದು ದ್ರಾಕ್ಷಿಯ ಗೊಂಚಲಿನಂತೆ ಕಾಣುವದರಿಂದ, ಸ್ಕಾಟ್ಲೆಂಡಿನ ಶಸ್ತ್ರವೈದ್ಯರಾದ ಅಲೆಕ್ಸಾಂಡರ್ ಆಗ್‌ಸ್ಟನ್ನರು 1882ರಲ್ಲಿ ದ್ರಾಕ್ಷಿಗೊಂಚಲೆಂಬ ಅರ್ಥದ ಗ್ರೀಕ್ ಮಾತಿನಿಂದ ಅದಕ್ಕೆ ಈ ಹೆಸರನ್ನು ಕೊಟ್ಟರು. ಆರೋಗ್ಯವಂತರಲ್ಲಿಯೂ ಹತ್ತು ಮಂದಿಯಲ್ಲಿ ಸುಮಾರು ಮೂವರ ಮೂಗಿನೊಳಗೆ ಇದು ಯಾವ ತೊಂದರೆಯನ್ನೂ ಮಾಡದೆ ವಾಸಿಸುತ್ತದೆ. ಚರ್ಮವು ಗೀರಿದಾಗ, ಕೆರೆದಾಗ, ಕಜ್ಜಿಯಿಂದ ಒಡೆದಾಗ ಮಾತ್ರ ಒಳಹೊಕ್ಕು ಕೀವು ಮಾಡುತ್ತದೆ. ಆದಕಾರಣ ಕುರು ಎದ್ದವಳು ಹೊಲಸು ಹುಡುಗಿಯೆಂದು ತಿಳಿಯುವದು ದೊಡ್ಡ ತಪ್ಪು. ಆ ನಾಚಿಕೆಯೇ ನಮ್ಮ ಮೊದಲನೆಯ ಹುಡುಗಿಯನ್ನು ನಾಲ್ಕು ದಿನ ಬಾಯಿ ಮುಚ್ಚಿಸಿತು.

ಈ ರೋಗಾಣುವನ್ನು ಪೆನಿಸಿಲಿನ್ ಎಂಬ ಔಷಧವು ಒಂದು ಕಾಲದಲ್ಲಿ ಸುಲಭವಾಗಿ ಕೊಲ್ಲುತ್ತಿತ್ತು. 1928ರಲ್ಲಿ ಅದನ್ನು ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗರು 1945ರಲ್ಲಿ ನೊಬೆಲ್ ಪಾರಿತೋಷಕವನ್ನು ಸ್ವೀಕರಿಸಿ ಮಾಡಿದ ಉಪನ್ಯಾಸದಲ್ಲಿಯೇ, ಸಾಲದಷ್ಟು ಪ್ರಮಾಣದಲ್ಲಿ ಔಷಧವನ್ನು ತೆಗೆದುಕೊಳ್ಳುವವರು ರೋಗಾಣುಗಳಿಗೆ ಅದನ್ನು ತಡೆದುಕೊಳ್ಳುವ ಶಕ್ತಿಯನ್ನು ಕಲಿಸಿಕೊಡುವರೆಂದು ಎಚ್ಚರಿಸಿದ್ದರು. ಹಾಗೆಯೇ ಆಯಿತು. ಕೆಲವೇ ವರ್ಷಗಳಲ್ಲಿ ಪೆನಿಸಿಲಿನನ್ನು ಮುರಿದುಹಾಕುವ ಸ್ಟೆಫಿಲೊಕಾಕಸ್‌ಗಳು ಆಸ್ಪತ್ರೆಗಳಲ್ಲಿ ತುಂಬಿದವು. ಅವುಗಳಿಗಾಗಿ 1959ರಲ್ಲಿ ಮೆಥಿಸಿಲಿನ್ ಎಂಬ ಹೊಸ ಔಷಧವನ್ನು ಸಿದ್ಧಪಡಿಸಿದರು. ಎರಡು ವರ್ಷ ತುಂಬುವಷ್ಟರಲ್ಲಿ, 1961ರಲ್ಲಿ, ಇಂಗ್ಲೆಂಡಿನ ಪೆಟ್ರಿಶಿಯಾ ಜೆವನ್ಸ್ ಎಂಬ ವಿಜ್ಞಾನಿಯು ಮೆಥಿಸಿಲಿನಿಗೂ ಮಣಿಯದ ರೋಗಾಣುಗಳನ್ನು ಗುರುತಿಸಿ ಪ್ರಕಟಿಸಿದರು. ಇವುಗಳನ್ನೇ ಇಂದು ವೈದ್ಯರು ಎಂ.ಆರ್.ಎಸ್.ಎ. ಎಂದು ಕರೆಯುವರು.

ಮಣಿಯದಿರುವದು ಎಂದರೇನು? ರೋಗಾಣುವು ತನ್ನ ಸುತ್ತ ಗಟ್ಟಿಯಾದ ಗೋಡೆಯನ್ನು ಕಟ್ಟಿಕೊಂಡು ಬದುಕುತ್ತದೆ. ಆ ಗೋಡೆ ಕಟ್ಟುವ ಉಪಕರಣವನ್ನು ಪೆನಿಸಿಲಿನ್ ಜಾತಿಯ ಔಷಧಗಳು ಹಿಡಿದು ನಿಲ್ಲಿಸುತ್ತವೆ. ಗೋಡೆಯಿಲ್ಲದೆ ರೋಗಾಣು ಒಡೆದು ಸಾಯುತ್ತದೆ. ಎಂ.ಆರ್.ಎಸ್.ಎ. ಎಂಬದು ಆಕಾರ ಬೇರೆಯಾದ ಇನ್ನೊಂದು ಉಪಕರಣವನ್ನು ಪಡೆದುಕೊಂಡಿದೆ. ಔಷಧವು ಅದನ್ನು ಹಿಡಿಯಲಾರದು. ಗೋಡೆಯ ಕೆಲಸ ನಿಲ್ಲದು. ಆದುದರಿಂದ ಆ ಜಾತಿಯ ಸಾಮಾನ್ಯ ಗುಳಿಗೆಗಳನ್ನು ಎಷ್ಟು ನುಂಗಿದರೂ ಪ್ರಯೋಜನವಿಲ್ಲ. ಇಲ್ಲಿ ನೆನಪಿಡತಕ್ಕ ಮಾತೊಂದುಂಟು: ಔಷಧಕ್ಕೆ ಮಣಿಯದ್ದು ರೋಗಾಣುವೇ ಹೊರತು ರೋಗಿಯ ದೇಹವಲ್ಲ. ಅಂಥ ರೋಗಾಣುವು ಟವಲಿನಿಂದ, ಬಟ್ಟೆಯಿಂದ, ಕೈಯಿಂದ ಮತ್ತೊಬ್ಬರಿಗೆ ದಾಟಿದಾಗ, ಒಂದು ಗುಳಿಗೆಯನ್ನೂ ನುಂಗದಿದ್ದ ಮಗುವಿಗೂ ಅದೇ ಮಣಿಯದ ರೋಗವು ಬರುತ್ತದೆ.

ಮೊದಮೊದಲು ಇದು ಆಸ್ಪತ್ರೆಗಳ ಒಳಗಿನ ರೋಗವೆಂದು ಎಣಿಸಿದ್ದರು. ಆದರೆ 1997ರಿಂದ 1999ರ ವರೆಗೆ ಅಮೇರಿಕದ ಮಿನೆಸೋಟ, ಉತ್ತರ ಡಕೋಟ ಎಂಬ ಸಂಸ್ಥಾನಗಳಲ್ಲಿ, ಹಿಂದೆ ಆಸ್ಪತ್ರೆಯ ಸಂಪರ್ಕವಿಲ್ಲದ, ಆರೋಗ್ಯವಾಗಿದ್ದ ನಾಲ್ಕು ಮಕ್ಕಳು ಇದರಿಂದ ಸತ್ತಾಗ, ಊರೊಳಗೂ ಇದು ಹರಡಿರುವದೆಂದು ಲೋಕಕ್ಕೆ ತಿಳಿಯಿತು. ನಮ್ಮ ದೇಶದಲ್ಲಿಯೂ ಈಗ ಇದು ಅಪರೂಪವಲ್ಲ. ಮಕ್ಕಳು ಒಟ್ಟಾಗಿ ಮಲಗುವ, ಆಡುವ, ಬಟ್ಟೆ ಹಂಚಿಕೊಳ್ಳುವ ಬೋರ್ಡಿಂಗುಗಳಂಥ ಸ್ಥಳಗಳಲ್ಲಿ ವಿಶೇಷವಾಗಿ ಎಚ್ಚರವಿರಬೇಕು.

ಇನ್ನು ಚಿಕಿತ್ಸೆಯ ವಿಷಯ. ಕೀವು ತುಂಬಿದ ಕುರುವಿಗೆ ಮೊದಲನೆಯ ಔಷಧ ಗುಳಿಗೆಯಲ್ಲ; ವೈದ್ಯರು ಶುದ್ಧವಾದ ಉಪಕರಣದಿಂದ ಕೊಯ್ದು ಕೀವನ್ನು ಹೊರಕ್ಕೆ ಬಿಡುವದೇ ಮುಖ್ಯವಾದ ಚಿಕಿತ್ಸೆ. ಚಿಕ್ಕ ಕುರುಗಳು ಅಷ್ಟರಿಂದಲೇ ಗುಣವಾಗುವದುಂಟು. ಕುರು ದೊಡ್ಡದಾಗಿದ್ದರೆ, ಸುತ್ತಲೂ ಕೆಂಪು ಹರಡಿದ್ದರೆ, ಜ್ವರವಿದ್ದರೆ, ರೋಗಿಗೆ ಸಕ್ಕರೆ ಕಾಯಿಲೆ ಇದ್ದರೆ ವೈದ್ಯರು ಗುಳಿಗೆಯನ್ನೂ ಬರೆಯುವರು. ಎಂ.ಆರ್.ಎಸ್.ಎ. ಎಂಬ ಸಂದೇಹವಿದ್ದಾಗ ಕೊಡುವ ಔಷಧಗಳು ಹಲವಿವೆ. ಅವುಗಳಲ್ಲಿ ಅಗ್ಗವೂ ಬಹುಕಾಲದಿಂದ ಪರಿಚಿತವೂ ಆಗಿರುವದು ಕೋ-ಟ್ರೈಮಾಕ್ಸಜೋಲ್ ಎಂಬದು. ನಮ್ಮ ಬೋರ್ಡಿಂಗಿನಲ್ಲಿ ಕೈಬದಲಾಯಿಸಿದ ಗುಳಿಗೆಯೂ ಇದೇ. 2016ರಲ್ಲಿ ಪ್ರಕಟವಾದ ಅಮೇರಿಕದ ಒಂದು ಪರೀಕ್ಷೆಯಲ್ಲಿ, ಕುರು ಕೊಯ್ಯಿಸಿಕೊಂಡ 1,200ಕ್ಕಿಂತ ಹೆಚ್ಚು ಜನರಲ್ಲಿ ಅರ್ಧ ಮಂದಿಗೆ ಈ ಗುಳಿಗೆಯನ್ನೂ, ಮಿಕ್ಕವರಿಗೆ ಔಷಧವಿಲ್ಲದ ಬರಿಯ ಗುಳಿಗೆಯನ್ನೂ ಏಳು ದಿನ ಕೊಟ್ಟು ನೋಡಿದರು. ಔಷಧ ಪಡೆದವರಲ್ಲಿ ನೂರಕ್ಕೆ ಸುಮಾರು 80 ಮಂದಿ ಗುಣವಾದರು. ಬರಿಯ ಗುಳಿಗೆಯವರಲ್ಲಿಯೂ ಸುಮಾರು 74 ಮಂದಿ ಗುಣವಾದರು. ಗುಳಿಗೆಯಿಂದ ಪ್ರಯೋಜನವುಂಟು, ಆದರೆ ಹೆಚ್ಚಿನ ಕೆಲಸವನ್ನು ಮಾಡಿದ್ದು ಕೀವು ತೆಗೆದ ಕೈಯೇ ಎಂದು ಈ ಲೆಕ್ಕವು ತೋರಿಸುತ್ತದೆ.

ಈ ಔಷಧದಲ್ಲಿ ಎರಡು ವಸ್ತುಗಳಿವೆ: ಸಲ್ಫಾಮೆಥಾಕ್ಸಜೋಲ್ ಐದು ಪಾಲು, ಟ್ರೈಮೆಥೊಪ್ರಿಮ್ ಒಂದು ಪಾಲು. ರೋಗಾಣುವು ಬೆಳೆಯುವದಕ್ಕೆ ಫೋಲೇಟ್ ಎಂಬ ಸತ್ವವು ಬೇಕು. ನಾವು ಅದನ್ನು ಸೊಪ್ಪು, ಕಾಳುಗಳಿಂದ ಪಡೆಯುತ್ತೇವೆ. ಎಲೆಯೆಂಬ ಅರ್ಥದ ಲ್ಯಾಟಿನ್ ಮಾತಿನಿಂದಲೇ ಅದಕ್ಕೆ ಆ ಹೆಸರು ಬಂದಿದೆ. ಈ ರೋಗಾಣುವಿಗಾದರೋ ಅದನ್ನು ತನ್ನೊಳಗೇ ಅಡಿಗೆ ಮಾಡಿಕೊಳ್ಳದೆ ಗತಿಯಿಲ್ಲ. ಸಲ್ಫಾ ವಸ್ತುವು ಆ ಅಡಿಗೆಯ ಆರಂಭದ ಹಂತವನ್ನು ತಡೆಯುತ್ತದೆ. ಟ್ರೈಮೆಥೊಪ್ರಿಮ್ ಮುಂದಿನ ಹಂತವನ್ನು ತಡೆಯುತ್ತದೆ. ಗೋಡೆಯ ಗೊಡವೆಗೆ ಹೋಗದೆ ಅಡಿಗೆಮನೆಯನ್ನೇ ಮುಚ್ಚಿಸುವದರಿಂದ, ಗೋಡೆಯ ಉಪಕರಣ ಬದಲಾದ ಎಂ.ಆರ್.ಎಸ್.ಎ. ಕೂಡ ಹಲವು ವೇಳೆ ಇದಕ್ಕೆ ಸೋಲುತ್ತದೆ. ಟ್ರೈಮೆಥೊಪ್ರಿಮಿನ ಹಿಂದಿನ ಸಂಶೋಧನೆ ಜಾರ್ಜ್ ಹಿಚಿಂಗ್ಸ್ ಮತ್ತು ಗೆರ್ಟ್ರೂಡ್ ಎಲಿಯನ್ ಇವರ ಪ್ರಯೋಗಶಾಲೆಯದು. ಹೆಂಗಸೆಂಬ ಕಾರಣದಿಂದ ಮೊದಲು ಪ್ರಯೋಗಶಾಲೆಗಳಲ್ಲಿ ಕೆಲಸ ಸಿಕ್ಕದೆ, ಕೆಲವು ಕಾಲ ಹೈಸ್ಕೂಲಿನಲ್ಲಿ ಪಾಠ ಹೇಳಿದ ಎಲಿಯನ್ನರು 1988ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರೆಂಬದನ್ನು ನಮ್ಮ ಹುಡುಗಿಯರು ತಿಳಿದಿರಲಿ.

ಸಲ್ಫಾ ಔಷಧಗಳ ಚರಿತ್ರೆಯಲ್ಲಿ ಗುಣವೂ ಅಪಾಯವೂ ಜೊತೆಯಾಗಿಯೇ ಬಂದಿವೆ. 1935ರಲ್ಲಿ ಜರ್ಮನಿಯ ಗೆರ್ಹಾರ್ಡ್ ಡೊಮಾಕ್ ಎಂಬ ವಿಜ್ಞಾನಿಯ ಎಳೆಯ ಮಗಳ ಕೈಗೆ ಸೂಜಿ ಚುಚ್ಚಿ, ನಂಜು ತೋಳಿಗೆ ಏರಿತು. ತೋಳನ್ನೇ ಕತ್ತರಿಸಬೇಕಾದೀತೆಂಬ ಸ್ಥಿತಿ ಬಂದಿತು. ತಂದೆಯು ತಾನು ಪರೀಕ್ಷಿಸುತ್ತಿದ್ದ ಪ್ರಾಂಟೊಸಿಲ್ ಎಂಬ ಸಲ್ಫಾ ಔಷಧವನ್ನು ಅವಳಿಗೆ ಕೊಟ್ಟನು. ಮಗಳು ಬದುಕಿದಳು, ತೋಳೂ ಉಳಿಯಿತು. ಅದಾದ ಎರಡೇ ವರ್ಷಗಳಿಗೆ, 1937ರಲ್ಲಿ, ಅಮೇರಿಕದಲ್ಲಿ ಒಂದು ಕಂಪನಿಯು ಸಲ್ಫಾ ಔಷಧವನ್ನು ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷದ್ರವದಲ್ಲಿ ಕರಗಿಸಿ, ಪರೀಕ್ಷಿಸದೆ ಸಿಹಿ ಔಷಧವೆಂದು ಮಾರಿತು. ನೂರಕ್ಕಿಂತ ಹೆಚ್ಚು ಜನರು ಸತ್ತರು. ಅವರಲ್ಲಿ ಅನೇಕರು ಮಕ್ಕಳು. ಔಷಧವು ಅಪಾಯಕರವಲ್ಲವೆಂದು ಮೊದಲು ತೋರಿಸಿಯೇ ಮಾರಬೇಕೆಂಬ ಕಾನೂನು ಆ ದೇಶದಲ್ಲಿ 1938ರಲ್ಲಿ ಬಂದದ್ದು ಆ ಮಕ್ಕಳ ಸಾವಿನಿಂದ. ಒಳ್ಳೆಯ ಔಷಧವಾದ ಮಾತ್ರಕ್ಕೆ ಅದು ಎಲ್ಲರಿಗೂ, ಎಲ್ಲ ರೀತಿಯಲ್ಲಿಯೂ ಒಳ್ಳೆಯದಾಗಲಾರದು.

ಆದುದರಿಂದ ವೈದ್ಯರು ಈ ಗುಳಿಗೆಯನ್ನು ಬರೆಯುವ ಮೊದಲು ತಾಯಂದಿರು ತಾವಾಗಿಯೇ ಹೇಳಬೇಕಾದ ಸಂಗತಿಗಳು ಹೀಗಿವೆ. ಹಿಂದೆ ಯಾವದಾದರೂ ಔಷಧದಿಂದ, ವಿಶೇಷವಾಗಿ ಸಲ್ಫಾದಿಂದ, ದದ್ದು ಎದ್ದಿತ್ತೇ? ಹುಡುಗಿಯು ವಿವಾಹಿತಳಾಗಿದ್ದರೆ ಗರ್ಭಿಣಿಯೇ? ಗರ್ಭದ ಮೊದಲ ತಿಂಗಳುಗಳಲ್ಲಿ ಫೋಲೇಟಿನ ಕೊರತೆಯಿಂದಲೂ, ಹೆರಿಗೆಯ ಸಮೀಪದಲ್ಲಿ ಕೂಸಿನ ಕಾಮಾಲೆಯ ಭಯದಿಂದಲೂ ಇದನ್ನು ಸಾಮಾನ್ಯವಾಗಿ ಕೊಡುವದಿಲ್ಲ. ಎರಡು ತಿಂಗಳು ತುಂಬದ ಕೂಸಿಗೂ ಕೊಡುವದಿಲ್ಲ. ಮೂತ್ರಪಿಂಡದ ಅಥವಾ ಯಕೃತ್ತಿನ ರೋಗವುಂಟೇ? ರಕ್ತದಲ್ಲಿ ಜಿ-6-ಪಿ-ಡಿ ಎಂಬ ಸತ್ವದ ಕೊರತೆಯುಂಟೆಂದು ಯಾರಾದರೂ ಹೇಳಿದ್ದರೇ? ಮನೆಯ ಹಿರಿಯರಿಗೆ ಗುಳಿಗೆ ಬೇಕಾಗಿದ್ದರೆ, ಅವರು ಈಗ ತೆಗೆದುಕೊಳ್ಳುತ್ತಿರುವ ಔಷಧಗಳನ್ನೆಲ್ಲ ಕೈಯಲ್ಲಿ ಹಿಡಿದುಕೊಂಡೇ ಹೋಗಬೇಕು. ರಕ್ತದೊತ್ತಡದ ಕೆಲವು ಗುಳಿಗೆಗಳೊಡನೆ ಇದು ಸೇರಿದರೆ ರಕ್ತದಲ್ಲಿ ಪೊಟ್ಯಾಸಿಯಮ್ ಅಪಾಯಕರವಾಗಿ ಏರಬಹುದು. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಜೊತೆಗೆ ರಕ್ತಸ್ರಾವವಾಗಬಹುದು. ಕೀಲುನೋವಿಗೆ ಕೊಡುವ ಮೆಥೊಟ್ರೆಕ್ಸೇಟ್ ಜೊತೆಗೆ ರಕ್ತದ ಕಣಗಳು ಕುಗ್ಗಿ ಪ್ರಾಣಕ್ಕೇ ಅಪಾಯವಾಗಬಹುದು.

ಗುಳಿಗೆಯನ್ನು ಆರಂಭಿಸಿದ ಮೇಲೆ ನೀರನ್ನು ಧಾರಾಳವಾಗಿ ಕುಡಿಯಬೇಕು. ಬಿರುಬಿಸಿಲಿನಲ್ಲಿ ಮೈ ತೆರೆದುಕೊಂಡು ಇರಬಾರದು. ಚರ್ಮವು ಬೇಗ ಸುಟ್ಟುಹೋಗುವದುಂಟು. ಮಕ್ಕಳಿಗೆ ದ್ರವರೂಪದ ಔಷಧವನ್ನು ಕೊಟ್ಟಿದ್ದರೆ, ಸೀಸೆಯನ್ನು ಚೆನ್ನಾಗಿ ಕುಲುಕಿ, ಅದರೊಡನೆ ಬಂದ ಅಳತೆಯ ಬಟ್ಟಲಿನಲ್ಲಿಯೇ ಅಳೆಯಬೇಕು. ಅಡಿಗೆಯ ಚಮಚಗಳು ಒಂದೊಂದು ಮನೆಯಲ್ಲಿ ಒಂದೊಂದು ಅಳತೆ. ಮಕ್ಕಳ ಪ್ರಮಾಣವನ್ನು ತೂಕವನ್ನು ನೋಡಿ ಗೊತ್ತುಮಾಡುವರಾದ್ದರಿಂದ ಅಕ್ಕನ ಪ್ರಮಾಣವು ತಂಗಿಗೆ ಸಲ್ಲದು. ವೈದ್ಯರು ಹೇಳಿದಷ್ಟು ದಿನ ತೆಗೆದುಕೊಳ್ಳಬೇಕು. ನೋವು ಹೋಯಿತೆಂದು ಮೊದಲೇ ಬಿಡುವದೂ ಬೇಡ, ಇನ್ನೂ ಒಳ್ಳೆಯದಾಗಲೆಂದು ತಾವೇ ಮುಂದುವರಿಸುವದೂ ಬೇಡ.

ಆದರೆ ಒಂದು ಸಂದರ್ಭದಲ್ಲಿ ಮಾತ್ರ ಕಾಯಬಾರದು. ಚರ್ಮದ ಮೇಲೆ ದದ್ದು ಎದ್ದರೆ ಮುಂದಿನ ಗುಳಿಗೆಯನ್ನು ಕೊಡದೆ ಅಂದೇ ವೈದ್ಯರನ್ನು ಕಾಣಬೇಕು. ದದ್ದಿನೊಡನೆ ಜ್ವರ, ಬಾಯೊಳಗೆ ಹುಣ್ಣು, ಕಣ್ಣು ಕೆಂಪು, ಚರ್ಮ ಸುಲಿಯುವಿಕೆ, ಮುಖ ಊದುವಿಕೆ, ಉಸಿರಿನ ಕಷ್ಟ ಇವುಗಳಲ್ಲಿ ಯಾವದೊಂದು ಕಂಡರೂ ಆ ಕ್ಷಣವೇ ಆಸ್ಪತ್ರೆಗೆ ಹೊರಡಬೇಕು. ಇಂಥದು ಅಪರೂಪವೇ ಸರಿ. ಆದರೆ ಬಂದಾಗ ಗಂಟೆಗಳ ಲೆಕ್ಕವಿರುತ್ತದೆ. ಬಹಳ ಭೇದಿಯಾದರೂ, ಮೈ ಹಳದಿಯಾದರೂ ತಿಳಿಸಬೇಕು.

ಇನ್ನೊಂದು ಮಾತು. ಕುರುಗಳೆಲ್ಲವೂ ನೋಡುವದಕ್ಕೆ ಒಂದೇ ತೆರನಾಗಿದ್ದರೂ ರೋಗಾಣುಗಳು ಒಂದೇ ಅಲ್ಲ. ಕೀವಿಲ್ಲದೆ ಕೆಂಪಾಗಿ ಹರಡುವ ಬಾವು ಹಲವು ವೇಳೆ ಸ್ಟ್ರೆಪ್ಟೊಕಾಕಸ್ ಎಂಬ ಬೇರೆ ರೋಗಾಣುವಿನಿಂದ ಬರುತ್ತದೆ. ಅದಕ್ಕೆ ವೈದ್ಯರು ಸಾಮಾನ್ಯವಾಗಿ ಬೇರೆ ಔಷಧವನ್ನೇ ಆರಿಸುವರು. ಸಂದೇಹವಿದ್ದಲ್ಲಿ ಕೀವಿನ ಪರೀಕ್ಷೆ ಮಾಡಿಸುವರು. ಒಂದು ತಟ್ಟೆಯಲ್ಲಿ ಆ ರೋಗಾಣುವನ್ನು ಬೆಳೆಸಿ, ಬೇರೆಬೇರೆ ಔಷಧಗಳನ್ನು ಹೀರಿದ ಚಿಕ್ಕ ಬಿಲ್ಲೆಗಳನ್ನು ಅದರ ಮೇಲೆ ಇಡುವರು. ಯಾವ ಬಿಲ್ಲೆಯ ಸುತ್ತ ರೋಗಾಣು ಬೆಳೆಯದೆ ಸಾಕಷ್ಟು ಅಗಲವಾದ ಬಯಲು ಉಳಿಯುವದೋ ಆ ಔಷಧವು ಕೆಲಸ ಮಾಡುವದು. ಈ ಉತ್ತರಕ್ಕೆ ಎರಡು ಮೂರು ದಿನ ಹಿಡಿಯುವದು. ಖರ್ಚಿಗೆ ಹೆದರಿ ಪರೀಕ್ಷೆ ಬೇಡವೆಂದವರು, ಹತ್ತದ ಔಷಧಗಳಿಗೆ ಅದಕ್ಕಿಂತ ಹೆಚ್ಚು ಖರ್ಚು ಮಾಡಿದ್ದನ್ನು ನೋಡಿದ್ದೇವೆ.

ಅಂಗಡಿಯಲ್ಲಿ ಕೇಳಿ ಗುಳಿಗೆ ತರುವ ಅಭ್ಯಾಸವು ನಮ್ಮಲ್ಲಿ ಬಹಳ. 2016ರಲ್ಲಿ ಭಾರತ ಸರ್ಕಾರದ ಆರೋಗ್ಯ ಮಂತ್ರಾಲಯವು, ಸ್ಟ್ರಿಪ್ಪಿನ ಮೇಲೆ ಉದ್ದಕ್ಕೆ ಕೆಂಪು ಗೆರೆಯಿರುವ ಔಷಧವನ್ನು ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದೆಂದು ಜನರಿಗೆ ತಿಳಿಸುವ ಪ್ರಚಾರವನ್ನು ಆರಂಭಿಸಿತು. ಓದುಬಾರದ ಅಜ್ಜಿಗೂ ಆ ಗೆರೆ ಕಾಣುತ್ತದೆ. ಮಕ್ಕಳು ಮನೆಯಲ್ಲಿ ಅದನ್ನು ತೋರಿಸಿಕೊಡಲಿ. ಅಂಗಡಿಯಲ್ಲಿ ಸಿಕ್ಕುವ ಸ್ಟಿರಾಯ್ಡ್ ಬೆರೆತ ಮುಲಾಮುಗಳನ್ನು ಕುರುವಿಗೆ ಸವರುವದೂ ಬೇಡ. ಅವು ಕೆಂಪನ್ನು ಮರೆಸಿ ಒಳಗಿನ ರೋಗವನ್ನು ಬೆಳೆಯಗೊಡುತ್ತವೆ.

ಮನೆಯಲ್ಲಿ ಮಾಡತಕ್ಕ ಕೆಲಸಗಳು ಸರಳವಾಗಿವೆ. ಕುರುವನ್ನು ಹಿಂಡಬಾರದು, ಸೂಜಿಯಿಂದ ಚುಚ್ಚಬಾರದು. ಮೂಗಿನ ಸುತ್ತ, ತುಟಿಯ ಮೇಲೆ, ಕಣ್ಣಿನ ಹತ್ತಿರ ಎದ್ದ ಕುರುವನ್ನಂತೂ ಮುಟ್ಟದೆ ವೈದ್ಯರಿಗೆ ತೋರಿಸಬೇಕು. ಅಲ್ಲಿಂದ ನಂಜು ಮೆದುಳಿನ ಕಡೆಗೆ ಹೋಗುವದುಂಟು. ಬೇರೆ ಕಡೆಯ ಚಿಕ್ಕ ಕುರುವಿಗೆ ಬೆಚ್ಚಗಿನ ನೀರಿನಲ್ಲಿ ಅದ್ದಿದ ಶುದ್ಧವಾದ ಬಟ್ಟೆಯ ಶಾಖ ಕೊಡಬಹುದು. ಕೀವು ಒಸರುವ ಗಾಯವನ್ನು ಒಣಗಿದ ಶುದ್ಧ ಬಟ್ಟೆಯಿಂದ ಮುಚ್ಚಿ, ಕಟ್ಟು ಬದಲಾಯಿಸುವ ಮೊದಲೂ ಅನಂತರವೂ ಸಾಬೂನಿನಿಂದ ಕೈ ತೊಳೆಯಬೇಕು. ಟವಲು, ಸಾಬೂನು, ಒಳಬಟ್ಟೆಗಳು ಒಬ್ಬೊಬ್ಬರಿಗೆ ಬೇರೆಬೇರೆಯಾಗಿರಲಿ. ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿನಲ್ಲಿ ಒಣಗಿಸಿರಿ.

ಆ ಘಟನೆಯ ಅನಂತರ ನಮ್ಮ ಬೋರ್ಡಿಂಗಿನಲ್ಲಿ ಮೂರು ನಿಯಮಗಳನ್ನು ಮಾಡಿದೆವು. ಪ್ರತಿ ಹುಡುಗಿಯ ಟವಲಿನ ಮೂಲೆಯಲ್ಲಿ ಅವಳ ಹೆಸರನ್ನು ಅವಳೇ ಹೊಲಿಯಬೇಕು. ಒಬ್ಬಳಿಗೆ ಬರೆದ ಔಷಧವನ್ನು ಇನ್ನೊಬ್ಬಳಿಗೆ ಯಾರೂ, ಮುಖ್ಯೋಪಾಧ್ಯಾಯಿನಿಯೂ ಸಹ, ಕೊಡಕೂಡದು; ಮಿಕ್ಕ ಗುಳಿಗೆಗಳನ್ನು ಮೇಟ್ರನಮ್ಮನವರು ಔಷಧಾಲಯಕ್ಕೆ ಹಿಂದಿರುಗಿಸಬೇಕು. ಮಗುವನ್ನು ಸೇರಿಸುವ ದಿನ ತಂದೆತಾಯಿಗಳು, ಯಾವ ಔಷಧವು ತಮ್ಮ ಮಗುವಿಗೆ ಆಗದೆಂಬದನ್ನು ಒಂದು ಕಾಗದದಲ್ಲಿ ಬರೆದುಕೊಡಬೇಕು. ಆ ಕಾಗದಗಳು ಈಗ ನಮ್ಮ ಮೇಜಿನ ಮೊದಲನೆಯ ಸೆಳೆಖಾನೆಯಲ್ಲಿವೆ.

ಪ್ರಿಯ ತಾಯಂದಿರೇ, ನಿಮ್ಮಲ್ಲಿ ಅನೇಕರು ಒಂದು ಕಾಲದಲ್ಲಿ ಇದೇ ಶಾಲೆಯ ಬೆಂಚುಗಳ ಮೇಲೆ ಕುಳಿತವರು. ಈ ಸಂಚಿಕೆಯನ್ನು ಮುಚ್ಚಿಡುವ ಮೊದಲು ಎದ್ದು ಹೋಗಿ ನಿಮ್ಮ ಮನೆಯ ಔಷಧದ ಡಬ್ಬಿಯನ್ನು ತೆರೆದು ನೋಡಿರಿ. ಅರ್ಧ ಮುಗಿದ ಸ್ಟ್ರಿಪ್ಪುಗಳಿದ್ದರೆ ಅವುಗಳನ್ನು ಮತ್ತೊಬ್ಬರಿಗೆ ಬಳಸುವದಿಲ್ಲವೆಂದು ನಿಶ್ಚಯಿಸಿರಿ. ಆಮೇಲೆ ಒಂದು ಚಿಕ್ಕ ಕಾಗದದ ಮೇಲೆ ಮನೆಯಲ್ಲಿ ಯಾರಿಗೆ ಯಾವ ಔಷಧ ಆಗದೋ ಅದನ್ನು ಬರೆದು ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿರಿ. ಆ ಭಾನುವಾರದ ಸಂಜೆ ನಾವು ಕೇಳದೆ ಹೋದ ಒಂದು ಮಾತಿಗೆ ಉತ್ತರವು ನಿಮ್ಮ ಮನೆಯಲ್ಲಿ ಯಾವಾಗಲೂ ಸಿದ್ಧವಾಗಿರಲಿ.